ಅತ್ತೆ ಹೂಂ ಅಂದ ಮೇಲೇ ಪೆಟ್ರೋಲು

ತಂಗೀ,

ನಿನ್ನ ಅಕ್ಕ ಇಲ್ಲಿ ಸುಮ್ಮನೆ ಕೂತಿದ್ದಾಳೆ ಅಂದ್ಕೋಬೇಡ ಕಣೇ. ಮಗಳು ಅಳಿಯನ ಜೊತೆ ನಾನು ಈ ಪರದೇಶದಲ್ಲಿ ತಿರುಗ್ತಿರೋ ವ್ಯಾನು ಒಂದು ಮನೆಯೇ. ಒಲೆಗಷ್ಟೇ ಅಲ್ಲ, ಫ್ರಿಜ್ಜಿಗೂ ಗ್ಯಾಸು! ತಣ್ಣಗಿಡೋ ಪೆಟ್ಟಿಗೆ ಹಿಂದೆ ಬೆಂಕಿ ಉರಿಯುತ್ತೆ, ನಂಬ್ತೀಯಾ? ಪೆಟ್ರೋಲ್ ಆವಿಗೆ ಅದು ತಗುಲಿದರೆ ನಮ್ಮ ಕಥೆ ಮುಗೀತು.

ನಿನ್ನೆ ಬಂಕಿನಲ್ಲಿ ಅಳಿಯ ಆತುರಕ್ಕೆ ಬಿದ್ದು ಪೈಪು ಎತ್ತಿದ. ನಾನು ಟ್ಯಾಂಕಿಗೆ ಅಡ್ಡ ನಿಂತೆ. ಮಗಳು ಒಳಗೆ ಹೋಗಿ ಫ್ರಿಜ್ಜಿನ ಬೆಂಕಿ ಆರಿಸಿ, ಸಿಲಿಂಡರ್ ಬಂದ್ ಮಾಡಿ ಬರೋವರೆಗೂ ಅಲ್ಲಾಡಲಿಲ್ಲ. ನಮ್ಮ ಹಿಂದೆ ನಿಂತಿದ್ದ ಇಂಥದ್ದೇ ವ್ಯಾನಿನವನು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಇಳಿದು ಜಗಳಕ್ಕೇ ಬಂದ. ಅವನ ಭಾಷೆ ನನಗೆಲ್ಲಿ ಬರಬೇಕು? ಅವನದೇ ಕಿಟಕಿ ಕಡೆ ಬೆರಳು ತೋರಿಸಿದೆ. ಒಳಗೆ ಒಲೆ ಮೇಲೆ ನೀರು ಕುದೀತಿತ್ತು. ಎರಡೂ ಕೈ ಎತ್ತಿ 'ಢಂ' ಅಂದೆ. ಎದ್ದೆನೋ ಬಿದ್ದೆನೋ ಅಂತ ಒಲೆ ಆರಿಸೋಕೆ ಓಡಿದ!

ಮಂಡಿನೋವು ಕಮ್ಮಿ. ನಿನ್ನ ಬಿಪಿ ಮಾತ್ರೆ ತಪ್ಪಿಸಬೇಡ.

ಸಾಕು, ಇವತ್ತಿನ ಬಂಕ್ ಬಂತು. "ನಿಮಗಿದೆಲ್ಲ ಯಾಕೆ ಅತ್ತೆ" ಅಂತಿದ್ದ ಅಳಿಯ ಪೈಪು ಹಿಡ್ಕೊಂಡು, "ಅತ್ತೆ, ಹಾಕಲಾ?" ಅಂತ ಕೇಳ್ತಿದ್ದಾನೆ.

ವಿಳಾಸ ಬರೆದು ಮುಗಿಸ್ತೀನಿ. ಅಲ್ಲೀವರೆಗೆ ಕಾಯಲಿ.

ನಿನ್ನ ಅಕ್ಕ