ಬದಿಗಿಟ್ಟ ಅಣ್ಣ

ಹಡಪಸರ, ಪುಣೆ
19 ಜನವರಿ 2025, ಭಾನುವಾರ

ಪ್ರೀತಿಯ ಮಾಧುರಿಗೆ ನಿನ್ನ ವೈನಿಯ ಆಶೀರ್ವಾದಗಳು.

ನೀನು ಕಳಿಸಿದ ಅಧ್ಯಾಯ ತಲುಪಿತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನಿನ್ನೆ ರಕ್ಷಿತಾ ಪಕ್ಕದಲ್ಲಿ ಕೂತು ಓದಿ ಕನ್ನಡದಲ್ಲಿ ಹೇಳಿದಳು. ಮುಗಿಸಿ ನನ್ನ ಮುಖ ನೋಡಿ, “ಅವ್ವಾ, ಈ ಕಲ್ಲವ್ವ ಯಾರು? ನೀ ಅಂತೂ ಅಲ್ಲ ಬಿಡು” ಎಂದಳು. ಹೆತ್ತ ಮಗಳಿಗೇ ನನ್ನ ಗುರುತು ಸಿಗಲಿಲ್ಲ.

ಸಂಶೋಧನೆಯಲ್ಲಿ ಹೆಸರು ಬದಲಿಸುವುದು ರೂಢಿ ಎಂದಿದ್ದೆ. ಬದಲಿಸು, ಬೇಡ ಎಂದವರು ಯಾರು? ಆದರೆ ಹೆಸರಿನ ಜೊತೆಗೆ ನನ್ನ ಗಂಡನನ್ನೂ ಬದಲಿಸಿಬಿಟ್ಟಿದ್ದೀಯಲ್ಲ, ಮಾರಾಯ್ತಿ!

ಗಂಡನನ್ನು ಕಳೆದುಕೊಂಡವರ ಬಗ್ಗೆ ನಿನ್ನ ಪಿಎಚ್‌ಡಿ. ಮಾತಾಡಲು ಒಪ್ಪಿಕೊಂಡಿದ್ದ ಒಬ್ಬಾಕೆ ಕೊನೆಗಳಿಗೆಯಲ್ಲಿ ಒಲ್ಲೆ ಎಂದಾಗ ನನ್ನ ಹತ್ತಿರ ಬಂದೆ. ಐಪಿಎ ಎಂಬ ನಿನ್ನ ಸಂಶೋಧನೆಯ ವಿಧಾನ ಏನೆಂದು ಚಹಾ ಆರುವ ತನಕ ವಿವರಿಸಿದೆ. ನಾಲ್ಕೈದು ಜನರನ್ನಷ್ಟೇ ಆರಿಸಿಕೊಂಡು, ನಡೆದದ್ದು ಅವರವರಿಗೆ ಹೇಗೆ ಅನಿಸಿತು ಎಂದು ಆಳವಾಗಿ ಕೇಳುವುದು. ಆಮೇಲೆ ಆ ಮಾತುಗಳಿಗೆ ನೀನು ಅರ್ಥ ಹುಡುಕುವುದು. ಕೇಳುವವಳು ತನ್ನ ಅನಿಸಿಕೆಗಳನ್ನು ಬದಿಗಿಡಬೇಕಂತೆ. ನಾನು ಹಿಂಜರಿದಾಗ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ವೈನಿ, ನಾ ಇಲ್ಲಿ ನಿಮ್ಮ ನಾದಿನಿ ಆಗಿ ಕೂತಿಲ್ಲರಿ. ಅಣ್ಣನ್ನ ಬಾಗಿಲ ಹೊರಗ ಬಿಟ್ಟು ಬಂದೇನಿ.”

ನಂಬಿದೆ. ನಿನ್ನ ಅಣ್ಣ ಹೋದ ಮೇಲೆ ಊಟವಾಯಿತೇ, ಫ್ಯಾಕ್ಟರಿಯ ಕಾಗದಪತ್ರ ಆದವೇ ಎಂದು ಕೇಳಿದವರು ಬೇಕಾದಷ್ಟು ಜನ. ನಿನಗೆ ಹೇಗನಿಸಿತು ಎಂದು ಕೇಳಿದವಳು ನೀನೊಬ್ಬಳೇ. ಅದಕ್ಕೇ ಎಲ್ಲ ಹೇಳಿದೆ. ಕುರಕುಂಭದ ಫ್ಯಾಕ್ಟರಿಯಿಂದ ಬರುವಾಗ ಬಸ್ಸಿನಲ್ಲೇ ಎದೆನೋವು ಬಂದು ತೀರಿಕೊಂಡರು ಎಂದು ಫೋನು ಬಂದ ಗಳಿಗೆಯಲ್ಲಿ ನನಗೆ ಮೊದಲು ಅನಿಸಿದ್ದು, ಇನ್ನು ಸಂಜೆ ಬಾಗಿಲ ಸಪ್ಪಳಕ್ಕೆ ಮೈ ನಡುಗುವುದಿಲ್ಲ ಎಂದು. ಅಳು ಬಂದದ್ದು ಆಮೇಲೆ, ಜನ ಸೇರಿದ ಮೇಲೆ.

ಜೇಜುರಿಯ ಮಾತನ್ನೂ ಹೇಳಿದೆ. ಅವರು ಹೋಗಿ ವರ್ಷ ತುಂಬಿದ ಮೇಲೆ ಅಲ್ಲಿಯ ದೇವರ ಗುಡಿಗೆ ಹೋದಾಗ ಯಾರೋ ತೂರಿದ ಭಂಡಾರದ ಅರಿಶಿನ ನನ್ನ ತಲೆ, ಹಣೆ, ಕೆನ್ನೆ ತುಂಬ ಬಿತ್ತು. ಗಂಡ ಇಲ್ಲದವಳ ಹಣೆಯ ಮೇಲೆ ಅರಿಶಿನ ಎಂದು ನಿನ್ನ ಅವ್ವ ಗಾಬರಿಯಾಗಿ, “ಲಗೂನ ಒರಸ್ಕೋ” ಎಂದರು. ನಾನು ಒರೆಸಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ನಿಂತು ನಕ್ಕೆ. ಮದುವೆಯಾದ ಮೇಲೆ ಹಾಗೆ ಬಾಯಿತುಂಬ ನಕ್ಕ ನೆನಪು ನನಗಿಲ್ಲ.

ನಿನ್ನ ಅಧ್ಯಾಯದಲ್ಲಿ ಕಲ್ಲವ್ವ ಅಗಲಿಕೆಯ ದುಃಖ ತಾಳದೆ ಜೇಜುರಿಯ ದೇವರ ಮೊರೆ ಹೋಗುತ್ತಾಳೆ. ಅಲ್ಲಿ ಭಂಡಾರ ಇದೆ, ನಗು ಇಲ್ಲ. ನಾನು ತಿಂದ ಹೊಡೆತಕ್ಕೆ ‘ಆಗಾಗಿನ ಮನಸ್ತಾಪ’ ಎಂಬ ಹೆಸರು ಕೊಟ್ಟಿದ್ದೀ. ಆ ಫೋನಿನ ಮಾತಂತೂ ಪೂರ್ತಿ ಮಾಯ. ನಿನ್ನ ಅಣ್ಣ ಕೈಯೆತ್ತಿ ನನ್ನ ಬಾಯಿ ಮುಚ್ಚಿಸುತ್ತಿದ್ದರು. ನೀನು ಓದಿದವಳು, ನಾಜೂಕಾಗಿ ಮುಚ್ಚಿಸಿದೆ.

ಅವರು ನಿನ್ನನ್ನು ಓದಿಸಿದರು, ಹೆಗಲ ಮೇಲೆ ಹೊತ್ತು ಬೆಳೆಸಿದರು. ನಿನಗೆ ಅವರು ಬೇರೆ, ಅದು ನನಗೆ ತಿಳಿಯದ್ದೇನಲ್ಲ. ಆ ಅನುಭವ ನಿನ್ನದು, ನಿನ್ನ ಹೆಸರಿನಲ್ಲೇ ಬರೆದುಕೋ. ನನ್ನ ಬಾಯಿಗೆ ತುರುಕಬೇಡ.

ಈಗ ನನ್ನದು ಒಂದೇ ಮಾತು. ನಾನು ಹೇಳಿದ್ದನ್ನು ಹೇಳಿದಂತೆ ಹಾಕು, ಇಲ್ಲವೇ ನನ್ನನ್ನು ಪೂರ್ತಿ ತೆಗೆದುಹಾಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂದು ಸಹಿ ಮಾಡಿಸಿಕೊಂಡವಳು ನೀನೇ. ಮುಂದಿನ ತಿಂಗಳು ಪ್ರಬಂಧ ಒಪ್ಪಿಸಬೇಕು, ನಾನಿಲ್ಲದಿದ್ದರೆ ಮತ್ತೊಬ್ಬಳನ್ನು ಹುಡುಕಬೇಕು ಎಂಬುದೂ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀನು ಒಪ್ಪದಿದ್ದರೆ ನಿನ್ನ ಗೈಡಿಗೆ ನಾನೇ ಫೋನು ಮಾಡುತ್ತೇನೆ. ನಾನು ನಿನ್ನ ಅಣ್ಣನ ಹೆಂಡತಿ ಎಂದು ಅವರಿಗೆ ಹೇಳಿದ್ದೀಯೋ ಇಲ್ಲವೋ, ಅದೂ ತಿಳಿಯಲಿ.

ಅವ್ವನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ಕಲ್ಲವ್ವ ಅಲ್ಲದ,
ನಿನ್ನ ವೈನಿ
ಅನುಸೂಯಾ

ತಾ.ಕ.: ನಿನ್ನ ಅಣ್ಣ ಹೊಡೆಯುವುದನ್ನು ಬೇರೆ ಯಾರಾದರೂ ಕಂಡಿದ್ದರೇ ಎಂದು ನೀನು ಕೇಳಲೇ ಇಲ್ಲ. ರೆಕಾರ್ಡರ್ ನಡೆಯುತ್ತಿತ್ತು, ನಿನ್ನ ಮಾನಕ್ಕಾಗಿ ನಾನೂ ಹೇಳಲಿಲ್ಲ. ಕಾಲೇಜಿಗೆ ದೀಪಾವಳಿ ಸೂಟಿ ಬಿಟ್ಟಾಗ ನಮ್ಮ ಮನೆಗೆ ಬಂದಿದ್ದೆಯಲ್ಲ, ಅವರು ಅಡುಗೆಮನೆಯಲ್ಲಿ ನನ್ನ ಕೈ ತಿರುಚಿದಾಗ ನೀನು ಬಾಗಿಲಲ್ಲೇ ನಿಂತಿದ್ದೆ. ನಾನು ನಿನ್ನನ್ನೇ ನೋಡುತ್ತಿದ್ದೆ. ನೀನು ಹೊರಗಿನ ಕೋಣೆಗೆ ಹೋಗಿ ಟಿವಿಯ ದನಿ ಜೋರು ಮಾಡಿದೆ.