ಕೆಮ್ಮಿದ ಮನೆಗೆ ಮಾತಿಲ್ಲ

ಐದನೆಯ ಮುಚ್ಚುಗಾಲ, ಎರಡನೆಯ ಬೇಸಿಗೆ, ತೆರವಿನ ದಿನದ ಮಧ್ಯಾಹ್ನ.
ನಿಮ್ಮ ಎಣಿಕೆಯಲ್ಲಿ ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು.

ನಮಗಿಂತ ಎಷ್ಟೋ ಮುಂಚೆ ಬಾಳಿದ ಹಿರಿಯರಿಗೆ, ಮಲಪ್ರಭೆಯ ದಂಡೆಯ ನೇಕಾರರ ಓಣಿಯಿಂದ ಹೊಳೆವ್ವ ಮಾಡುವ ನಮಸ್ಕಾರ. ಮೇಲಿನ ತಾರೀಖು ಓದಿ ನಗು ಬಂದರೆ ನಗಿ, ನನಗೆ ಬೇಸರವಿಲ್ಲ. ನನ್ನ ಕೆಲವು ಮಾತು ನಿಮಗೆ ತಿಳಿಯದೆ ಹೋದೀತು, ಅದಕ್ಕೆ ಮಾತ್ರ ಕ್ಷಮೆ ಇರಲಿ. ನೀವು ಲಾಕ್‌ಡೌನ್ ಎಂದು ಕರೆದದ್ದನ್ನು ನಾವು ಮುಚ್ಚುಗಾಲ ಎನ್ನುತ್ತೇವೆ. ಮಳೆಗಾಲ, ಚಳಿಗಾಲ ಇದ್ದ ಹಾಗೆ ನಮಗೆ ಅದೂ ಒಂದು ಕಾಲ. ಅದು ಮುಗಿದು ಊರ ಹೆಬ್ಬಾಗಿಲು, ಅಂದರೆ ಅಗಸೆ, ತೆಗೆಯುವುದಕ್ಕೆ ತೆರವು ಎನ್ನುತ್ತೇವೆ. ಈ ಕಾಗದ ನಿಮ್ಮನ್ನು ಮುಟ್ಟುವುದು ಹಿನ್ನಂಚೆಯಿಂದ. ಪ್ರತಿ ಮನೆಯ ಗೋಡೆಯಲ್ಲಿ ಅದಕ್ಕೊಂದು ಗೂಡಿದೆ, ಅದರಲ್ಲಿ ಇಟ್ಟ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದೆ. ಹೇಗೆ ಎಂದು ಕೇಳಬೇಡಿ, ನಾನು ಮಗ್ಗದ ಹೆಣ್ಣುಮಗಳು. ನೂರು ವರ್ಷಕ್ಕಿಂತ ಈಚೆಗೆ ಅದು ಮುಟ್ಟುವುದಿಲ್ಲ ಎಂಬುದಷ್ಟೇ ಗೊತ್ತು. ಹೋದ ವಾರಕ್ಕೆ ಕಳಿಸುವಂತಿದ್ದರೆ ನಿಮಗೇಕೆ ಬರೆಯುತ್ತಿದ್ದೆ?

ನಾವು ಹೇಗೆ ಬದುಕಿದ್ದೇವೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮವು ಮಣ್ಣಿನ ಮಾಳಿಗೆಯ ಮನೆಗಳು, ಒಂದಕ್ಕೊಂದು ಅಂಟಿಕೊಂಡಿವೆ. ಮುಚ್ಚುಗಾಲದಲ್ಲಿ ಓಣಿಗೆ ಇಳಿಯುವಂತಿಲ್ಲ, ಆದರೆ ಅವರವರ ಮಾಳಿಗೆಗೆ, ಅಂದರೆ ಮನೆಯ ಚಪ್ಪಟೆ ಸೂರಿನ ಮೇಲಕ್ಕೆ, ಹತ್ತಬಹುದು. ಶಾಲೆ, ಸಂತೆ, ಮದುವೆ, ಜಗಳ ಎಲ್ಲವೂ ಮಾಳಿಗೆಯಿಂದ ಮಾಳಿಗೆಗೆ ಕೂಗಿಯೇ ನಡೆಯುತ್ತವೆ. ನಿಮ್ಮ ಕೈಯಲ್ಲಿದ್ದ ಮೊಬೈಲು ನಮ್ಮಲ್ಲಿಲ್ಲ. ಎರಡನೆಯ ಮುಚ್ಚುಗಾಲದಲ್ಲಿ ಬೇನೆಗಿಂತ ಬೇಗ ಸುಳ್ಳು ಹಬ್ಬಿತೆಂದು ನಮ್ಮ ಹಿರಿಯರು ಅವನ್ನೆಲ್ಲ ಹೊಳೆಗೆ ಹಾಕಿದರಂತೆ. ನಮ್ಮ ಮಕ್ಕಳು ಎಷ್ಟು ಜೋರಾಗಿ ಮಾತಾಡುತ್ತವೆಂದರೆ, ಪಕ್ಕದಲ್ಲಿ ಕೂತವರಿಗೆ ಮೆಲ್ಲಗೆ ಹೇಳುವುದು ಅವಕ್ಕೆ ಬರುವುದೇ ಇಲ್ಲ. ಅಪರಿಚಿತರು ಹತ್ತಿರ ಬಂದರೆ ಚೀರಿ ಅವ್ವನ ಸೀರೆಯೊಳಗೆ ಹೊಗುತ್ತವೆ. ಮಗ್ಗಗಳಿಗೆ ನೂಲಿಲ್ಲ. ಜೋಳ ಕಡಿಮೆಯಾಗಿ ಈಗ ಒಪ್ಪೊತ್ತು ರೊಟ್ಟಿ, ಒಪ್ಪೊತ್ತು ಅಂಬಲಿ. ಕುಡಿದ ಗಂಡನ ಕೈಗೆ ಸಿಕ್ಕ ಹೆಂಗಸರು ಓಡಿಹೋಗಲು ಓಣಿಯೂ ಇಲ್ಲದೆ ಮಾಳಿಗೆಯಲ್ಲೇ ಮಲಗುತ್ತಾರೆ.

ತೆರವು ಬೇಕೋ ಬೇಡವೋ ಎಂಬ ಚರ್ಚೆಯೂ ಮಾಳಿಗೆಯ ಮೇಲೆಯೇ. ಅದಕ್ಕೊಂದು ಕಟ್ಟಳೆಯಿದೆ. ಮನೆಯಲ್ಲಿ ಯಾರಿಗಾದರೂ ಉಸಿರುಬೇನೆ ಕಂಡರೆ ಮಾಳಿಗೆಯ ಅಂಚಿನಲ್ಲಿ ಕೊಡ ಬೋರಲು ಹಾಕಬೇಕು. ಅಂಥ ಮನೆಗೆ ನೆರೆಯವರು ಹಗ್ಗದಲ್ಲಿ ಅನ್ನ ಇಳಿಸುತ್ತಾರೆ. ಆದರೆ ಸಭೆಯಲ್ಲಿ ಆ ಮನೆಗೆ ಮಾತಿಲ್ಲ, ಅವರ ಕೂಗನ್ನು ಮುಂದಿನ ಮಾಳಿಗೆಗೆ ದಾಟಿಸುವಂತೆಯೂ ಇಲ್ಲ. ಹಿಂದೊಮ್ಮೆ ಬೇನೆಯ ಮನೆಯವರು ಹೆದರಿಸಿ ಹೆದರಿಸಿ ಊರನ್ನು ವರ್ಷಗಟ್ಟಲೆ ಮುಚ್ಚಿಸಿದ್ದರಂತೆ. ಸಂಕಟದಲ್ಲಿದ್ದವರಿಗೆ ನ್ಯಾಯ ಕಾಣುವುದಿಲ್ಲ, ತಂಪು ತಲೆಯವರೇ ತೀರ್ಮಾನಿಸಲಿ ಎಂದು ಈ ಕಟ್ಟಳೆ ಬಂತು. ಕೇಳಿದರೆ ಸರಿಯೆನ್ನಿಸುತ್ತದೆ. ನನಗೂ ಮೊನ್ನೆಯವರೆಗೆ ಸರಿಯೆನ್ನಿಸಿತ್ತು.

ನಾನು ತೆರವಿನ ಕಡೆಯವಳು. ಹೊಳೆಯ ಆಚೆ ಪೇಟೆಗೆ ಕೊಟ್ಟ ನನ್ನ ಒಬ್ಬಳೇ ಮಗಳು ಗೌರಾ ತುಂಬು ಬಸುರಿ. ಅವಳ ಅತ್ತೆ ತೀರಿಕೊಂಡಿದ್ದಾಳೆ, ಆ ಮನೆಯಲ್ಲಿ ಇನ್ನೊಂದು ಹೆಣ್ಣು ಜೀವವಿಲ್ಲ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ತೆರವಾದ ಸಂಜೆಯೇ ಗಾಡಿ ಕಟ್ಟಿಸಿಕೊಂಡು ಬಾ ಎಂದು ಹೊಳೆಯಂಚಿನ ಮಾಳಿಗೆಯವರಿಂದ ಆಚೆ ದಂಡೆಗೆ ದೀಪದ ಸನ್ನೆಯಲ್ಲಿ ನಾನೇ ಹೇಳಿಸಿದ್ದೆ. ಬಾಣಂತಿಯ ಉಂಡೆಗೆಂದು ಅಂಟು, ಬೆಲ್ಲ ಕೂಡ ಎತ್ತಿಟ್ಟಿದ್ದೆ. ಓಣಿಯ ಹೆಂಗಸರ ಪರವಾಗಿ ತೆರವು ಬೇಕೆಂದು ಮಾತಾಡುವ ಸರದಿ ಈ ಸಲ ನನ್ನದೇ ಆಗಿತ್ತು.

ಮೊನ್ನೆ ಬೆಳಿಗ್ಗೆ ನನ್ನ ಗಂಡ ಸಂಗಪ್ಪ ಕೆಮ್ಮಿದ. ಮಗ್ಗದ ಧೂಳು ಗಂಟಲಿಗೆ ಹೋಗಿದೆ ಎಂದ. ಹೌದೆಂದು ಕಷಾಯ ಕಾಸಲು ಎದ್ದವಳು ಒಲೆಯಿಂದ ಅವನ ಹತ್ತಿರ ತಿರುಗಿ ಬಂದೆ. ನಮ್ಮ ಮಗ್ಗ ಆಡದೆ ಎಷ್ಟು ತಿಂಗಳಾಯಿತು, ಧೂಳು ಎಲ್ಲಿಂದ ಬರಬೇಕು? ಹಣೆ ಮುಟ್ಟಿದರೆ ಬೆಂಕಿ. ಕೊಡ ಬೋರಲು ಹಾಕೋಣ ಎಂದೆ. ಸಭೆ ಮುಗಿಯಲಿ, ಈಗ ಹಾಕಿದರೆ ನಿನ್ನ ಮಾತು ಹೋಗುತ್ತದೆ, ತೆರವು ಆಗದಿದ್ದರೆ ಗೌರಾ ಅಲ್ಲೇ ಒಬ್ಬಳೇ ಹೆರುತ್ತಾಳೆ ಎಂದ. ನಾನು ಒಪ್ಪಿದೆ. ಕೆಮ್ಮು ಹೊರಗೆ ಕೇಳಬಾರದೆಂದು ಮಾಳಿಗೆಗೆ ಹತ್ತಿ ನಮ್ಮ ಬೆಳಕಿಂಡಿಯ ಮೇಲೆ ಹಳೆ ಬಟ್ಟೆಯ ಕೌದಿ ಹೊದಿಸಿದೆ. ಬೆಳಕಿಂಡಿಯೆಂದರೆ ಗಾಳಿ ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ತೂತು. ಬೇಸಿಗೆಯಲ್ಲಿ ಅದನ್ನು ಯಾರೂ ಮುಚ್ಚುವುದಿಲ್ಲ, ಮುಚ್ಚಿದರೆ ಒಳಗಿದ್ದವರು ಬೆಂದುಹೋಗುತ್ತಾರೆ.

ಕೌದಿಯ ನಾಲ್ಕು ಮೂಲೆಗೆ ಕಲ್ಲು ಇಟ್ಟು ಸೊಂಟ ನೆಟ್ಟಗೆ ಮಾಡಿ ಸುತ್ತ ನೋಡಿದೆ. ಪಕ್ಕದ ಮನೆಯ ಬೀಬಿಜಾನಳ ಮಾಳಿಗೆಯಲ್ಲಿ ಬೆಳಕಿಂಡಿಯ ಮೇಲೆ ಕೌದಿ. ಅದರಾಚೆ ಬಣಗಾರರ ಮನೆಯ ಮೇಲೆ ಕೌದಿ. ಅಗಸೆಯವರೆಗೆ ಕಣ್ಣು ಹಾಯಿಸಿದರೆ ಕೆಂಪು, ಹಸಿರು, ಹಳದಿ ಕೌದಿಗಳು, ನೆತ್ತಿ ಸುಡುವ ಬಿಸಿಲಿನಲ್ಲಿ. ಬೋರಲು ಕೊಡ ಮಾತ್ರ ಒಂದೂ ಇರಲಿಲ್ಲ. ಕೌದಿಗಳನ್ನು ಎಣಿಸತೊಡಗಿದೆ, ಅರ್ಧಕ್ಕೇ ಬಿಟ್ಟೆ.

ಇಂದು ಬೆಳಿಗ್ಗೆ ಸಭೆ ಸೇರಿತು. ಅಗಸೆ ಮನೆಯ ಅಡಿವೆಪ್ಪ ಮೊದಲು ಮಾತಾಡಿದ. ಅವನು ಕೆಟ್ಟವನಲ್ಲ, ಹಸಿದವರಿಗೆ ತನ್ನ ನೆಲದಡಿಯ ಹಗೇವಿನ ಜೋಳ ಬಗೆದು ಕೊಟ್ಟವನು. ಬೇನೆಯಿಂದ ಸತ್ತವರಿಗಿಂತ ಹೊಟ್ಟೆಗಿಲ್ಲದೆ ಒಣಗಿದವರು ಹೆಚ್ಚು, ಮಕ್ಕಳು ಮನುಷ್ಯರನ್ನೇ ಮರೆತಿವೆ, ಹೀಗೆ ಉಳಿಯುವುದೂ ಒಂದು ಸಾವೇ ಎಂದ. ಅದರಲ್ಲಿ ಒಂದೂ ಸುಳ್ಳಲ್ಲ. ಕೊನೆಗೆ ಊರಿನ ಮಾಳಿಗೆಗಳನ್ನೆಲ್ಲ ತೋರಿಸಿ, ನೋಡಿರಿ, ಬೋರಲು ಕೊಡ ಒಂದಾದರೂ ಇದೆಯೇ ಎಂದು ಕೇಳಿದ. ಎಲ್ಲರೂ ನೋಡಿದರು. ಕೌದಿಗಳು ಎಲ್ಲರ ಕಣ್ಣಿಗೂ ಬಿದ್ದವು, ಯಾರ ಬಾಯಿಗೂ ಬರಲಿಲ್ಲ. ಕೆಲವರು ಅಳುತ್ತ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನನ್ನು ಕರೆದರು.

ನನಗೆ ಗೌರಾ ಬೇಕಿತ್ತು. ಈಗಲೂ ಬೇಕು. ಆದರೆ ಅವಳು ಬರುವುದು ಯಾವ ಮನೆಗೆ, ಯಾವ ಗಾಳಿಗೆ ಎಂದು ನೆನೆದೆ. ಮಾತಾಡುವ ಮೊದಲು ಕೊಡ ತಂದು ಅಂಚಿನಲ್ಲಿ ಬೋರಲು ಹಾಕಿದೆ. ಆಮೇಲೆ ಹೇಳಿದೆ.

“ನಮ್ಮ ಮನ್ಯಾಗ ಬ್ಯಾನಿ ಐತಿ. ನಿಮ್ಮ ಮನ್ಯಾಗೂ ಐತಿ. ಬೆಳಕಿಂಡಿ ಮ್ಯಾಲಿನ ಕೌದಿ ತಗೀರಿ, ಆಮ್ಯಾಲೆ ಮಾತಾಡೂಣು.”

ಅಡಿವೆಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

“ಹೊಳೆವ್ವ, ಕೊಡ ಬೋರಲ ಹಾಕೀದಿ. ಇನ್ನ ನಿನ್ನ ಮಾತು ಲೆಕ್ಕಕ್ಕಿಲ್ಲವ್ವಾ. ಒಳಗ ನಡಿ, ಅಂವನ್ನ ನೋಡ್ಕೋ.”

ಒಂದೂ ಕೌದಿ ಏಳಲಿಲ್ಲ. ಇಂದು ಸಂಜೆ ಬಿಸಿಲು ಇಳಿದ ಮೇಲೆ ಅಗಸೆ ತೆಗೆಯುವುದೆಂದು ಒಮ್ಮತದಿಂದ ತೀರ್ಮಾನವಾಯಿತು. ಹೊಳೆಯಂಚಿನ ಮಾಳಿಗೆಯವರ ಮೂಲಕ ಗೌರಾಗೆ ಬರಬೇಡ ಎಂದು ತಿಳಿಸಲು ಬೀಬಿಜಾನಳನ್ನು ಕಾಲು ಹಿಡಿಯುವ ಹಾಗೆ ಬೇಡಿಕೊಂಡೆ. ಅವಳು ಕಟ್ಟಳೆ ಮುರಿದು ನನ್ನ ಕೂಗನ್ನು ದಾಟಿಸಿದಳು. ಎರಡು ಮಾಳಿಗೆ ದಾಟಿತು, ಆಮೇಲೆ, ಇದು ಬೋರಲು ಕೊಡದ ಮನೆಯ ಮಾತು, ಒಳ್ಳೆಯ ದಿನ ಕೆಡಿಸಬೇಡಿ ಎಂದು ಯಾರೋ ತಡೆದರಂತೆ. ಹಾಗಾದರೆ ತಾನೇ ಹೊಳೆಯವರೆಗೆ ಹೋಗಿ ಗಾಡಿ ತಿರುಗಿಸುತ್ತೇನೆ ಎಂದಳು ಪುಣ್ಯಾತಗಿತ್ತಿ. ಹೇಳುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಬೇಡ ತಾಯಿ, ನೀನು ಅವಳ ಹತ್ತಿರ ಹೋಗಬೇಡ ಎಂದು ನಾನೇ ಕೈ ಮುಗಿದೆ.

ಹಿರಿಯರೇ, ನೀವೂ ತೆರೆಯಬೇಕೋ ಮುಚ್ಚಬೇಕೋ ಎಂದು ವಾದ ಮಾಡಿದವರೆಂದು ಕೇಳಿದ್ದೇನೆ. ತೆರೆಯಬೇಡಿ ಎಂದು ಹೇಳಲು ನಾನು ಯಾರು? ಮುಚ್ಚಿಟ್ಟ ಊರು ಏನಾಗುತ್ತದೆ ಎಂಬುದನ್ನು ನನಗಿಂತ ಬಲ್ಲವರಿಲ್ಲ. ನನ್ನದು ಒಂದೇ ಬೇಡಿಕೆ. ಯಾರ ಮನೆಯಲ್ಲಿ ಬೇನೆಯಿದೆಯೋ, ಯಾರ ಮನೆಯಲ್ಲಿ ಒಲೆ ಆರಿದೆಯೋ, ಅವರಿಗೆ ಮೊದಲು ಮಾತು ಕೊಡಿ. ನಿಜ ಹೇಳಿದವರ ಬಾಯಿ ಮುಚ್ಚಿಸುವ ಕಟ್ಟಳೆ ಮಾಡಿದರೆ ಊರಿನಲ್ಲಿ ನಿಜ ಹೇಳುವವರು ಉಳಿಯುವುದಿಲ್ಲ. ನಮ್ಮ ಈ ಕಟ್ಟಳೆಯ ಬೀಜ ಎಂದು ಬಿದ್ದಿತೋ ಗೊತ್ತಿಲ್ಲ. ನಿಮ್ಮ ಕಾಲದಲ್ಲಿ ಬಿದ್ದಿದ್ದರೆ ಅಲ್ಲೇ ಕಿತ್ತುಹಾಕಿ.

ಅಗಸೆಯ ಕಡೆ ಹಲಗೆ ಬಾರಿಸುತ್ತಿದ್ದಾರೆ. ಒಳಗೆ ಸಂಗಪ್ಪ ಉಸಿರಿಗೆ ಒದ್ದಾಡುತ್ತಿದ್ದಾನೆ, ನನಗೂ ಸಭೆ ಮುಗಿದಾಗಿನಿಂದ ಮೈ ಬಿಸಿ. ತುಂಬು ಬಸುರಿ ತವರಿನ ಬಾಗಿಲು ಬಡಿದರೆ ತೆರೆಯದ ತಾಯಿಯನ್ನು ನಮ್ಮ ಕಡೆ ಹಾಡಿನಲ್ಲಿ ಕೂಡ ಕೇಳಿಲ್ಲ. ನಾನು ಒಳಗಿಂದ ಅಗಳಿ ಹಾಕಿದ್ದೇನೆ. ಹೋಗು ಮಗಳೇ ಎಂದು ಒಳಗಿಂದ ಕೂಗುತ್ತೇನೆ, ಆದರೆ ಅವಳು ಒಮ್ಮೆ “ಅವ್ವಾ” ಎಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಅದಕ್ಕೆ ಬೀಸುಕಲ್ಲನ್ನು ಎಳೆದು ತಂದು ಬಾಗಿಲಿಗೆ ಅಡ್ಡ ಇಟ್ಟೆ. ಕೈಯಲ್ಲಿ ಕಸುವಿರುವಾಗ ಹೇಗೋ ಎಳೆದೆ. ಈಗ ಬೇಕೆಂದರೂ ನನ್ನಿಂದ ಅದನ್ನು ಸರಿಸಲು ಆಗುವುದಿಲ್ಲ.