ಎರಡನೆಯ ಜಾಯ್‌ಸ್ಟಿಕ್

ಅಣ್ಣಾ,

ಮನೆ ಪಾಲಿನ ಜಗಳ ಈ ಪತ್ರದಲ್ಲಿಲ್ಲ, ಪೂರ್ತಿ ಓದು.

ನಮ್ಮ ಹಳೆಯ ಕಾರ್ ರೇಸಿನ ವಿಡಿಯೋ ಗೇಮನ್ನು ಅಂಗೈಯಗಲದ ಪುಟ್ಟ ಕಂಪ್ಯೂಟರಿಗೆ ಹಾಕಿದೆ. ಪರದೆ ಕಪ್ಪಾಗಿಯೇ ಇತ್ತು. ಚಾರ್ಜರ್ ಬದಲಿಸಿದ ಮೇಲೆ ಕಣ್ಣು ಬಿಟ್ಟಿತು. ಆದರೆ ನನ್ನ ಹಳೆಯ ಜಾಯ್‌ಸ್ಟಿಕ್ಕನ್ನು ಜಪ್ಪಯ್ಯ ಅಂದರೂ ಗುರುತಿಸಲಿಲ್ಲ. ಬಿಚ್ಚಿ ನೋಡಿದೆ. ಒಳಗೆ ವೈರು ತುಂಡಾಗಿದೆ, ಎರಡೂ ತುದಿಗೆ ಆಗಿನ ನಿನ್ನ ಸೈಕಲ್ ಹ್ಯಾಂಡಲಿನ ಹಸಿರು ಟೇಪು! ಅಂದರೆ ನಾವು ಆಡುತ್ತಿದ್ದಾಗಲೇ ಅದು ಕೆಟ್ಟಿತ್ತು, ನಿನಗೂ ಗೊತ್ತಿತ್ತು.

ಹಾಗಾದರೆ ನನ್ನ ಸರದಿಯಲ್ಲಿ ಕಾರು ಓಡಿಸುತ್ತಿದ್ದವರು ಯಾರು? ಎರಡೂ ಕೈಯನ್ನು ಹೊದಿಕೆಯೊಳಗೆ ಇಟ್ಟುಕೊಂಡು, "ನೋಡೇ, ಮತ್ತೆ ನೀನೇ ಗೆದ್ದೆ" ಅಂತ ಹಲ್ಲು ಕಿರಿಯುತ್ತಿದ್ದೆಯಲ್ಲ!

ಮೊದಲನೆಯ ಜಾಯ್‌ಸ್ಟಿಕ್ ನಿನ್ನ ಹತ್ತಿರವೇ ಇದೆ. ಅಂಚೆಯಲ್ಲಿ ಕಳಿಸಬೇಡ, ನೀನೇ ತಗೊಂಡು ಬಾ. ನನಗೆ ಆಡಲು ಬರುವುದಿಲ್ಲ ಅಂತ ಈಗಷ್ಟೇ ಗೊತ್ತಾಗಿದೆ.

ಇಂತಿ,
ಒಮ್ಮೆಯೂ ಗೆಲ್ಲದ ನಿನ್ನ ತಂಗಿ